ಇನ್ನೊಂದು ಬಾಟಲಿ ಏರಿಸುವ ಮುಂಚೆ

ಜುಲೈ–ಆಗಸ್ಟಿನ ಕಕ್ಕಡದ ಮಳೆ ಹಿಡಿಯಿತೆಂದರೆ ಕೊಡಗಿನ ಆಸ್ಪತ್ರೆಗಳಿಗೆ ಬರುವ ಜ್ವರಗಳು ಯಾವುವೆಂದು ಇಲ್ಲಿನವರಿಗೆಲ್ಲ ಗೊತ್ತು. ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್, ನ್ಯುಮೋನಿಯ. ಇವುಗಳ ಜೊತೆಗೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದವರು, ಕಡಜದ ಗೂಡು ಕೆಣಕಿ ಮೈತುಂಬ ಕುಟುಕಿಸಿಕೊಂಡವರು. ಕಾಯಿಲೆ ಯಾವುದೇ ಇರಲಿ, ಬಿ.ಪಿ. 80/50 ಎಂದು ಕಂಡ ಕೂಡಲೇ ಸಲೈನ್ ಬಾಟಲಿ ಏರುತ್ತದೆ. ಅದು ಸರಿಯೇ. ಮೊದಲ ಬಾಟಲಿಯಲ್ಲಿ ತಪ್ಪಾಗುವುದು ಅಪರೂಪ. ತಪ್ಪಾಗುವುದು ಮೂರನೆಯದರಲ್ಲಿ, ಐದನೆಯದರಲ್ಲಿ, ಯಾರೂ ಯೋಚಿಸದೆ 'ರನ್ನಿಂಗ್' ಎಂದು ಬಿಟ್ಟ ರಾತ್ರಿಯ ಬಾಟಲಿಯಲ್ಲಿ.

ಈ ಬರಹ ಆ ನಂತರದ ಬಾಟಲಿಗಳ ಬಗ್ಗೆ. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ, ಐಸಿಯು ಸಿಸ್ಟರಿಗೆ ಮುಖ್ಯವಾಗಿ. 'ಗ್ಲೂಕೋಸ್ ಯಾಕೆ ನಿಲ್ಲಿಸಿದಿರಿ?' ಎಂದು ಆತಂಕದಿಂದ ಕೇಳುವ ಮನೆಯವರಿಗೂ ಇದರಲ್ಲಿ ಉತ್ತರ ಸಿಕ್ಕೀತು.

'ಮೈಯಲ್ಲಿ ನೀರು ಕಡಿಮೆ ಇದೆಯಾ?' ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಅಂಗಾಂಗಗಳಿಗೆ ಈಗ ರಕ್ತ ಸಾಲುತ್ತಿದೆಯೇ? ದ್ರವ ಕೊಟ್ಟರೆ ಹೃದಯ ಪ್ರತಿ ಬಡಿತಕ್ಕೆ ಇನ್ನಷ್ಟು ರಕ್ತ ತಳ್ಳುತ್ತದೆಯೇ? ಕೊಟ್ಟದ್ದನ್ನು ಶ್ವಾಸಕೋಶ, ಕಿಡ್ನಿ, ಲಿವರ್ ತಾಳಿಕೊಳ್ಳುತ್ತವೆಯೇ? ಮೊದಲನೆಯದಕ್ಕೆ 'ಇಲ್ಲ', ಎರಡನೆಯದಕ್ಕೆ 'ಹೌದು', ಮೂರನೆಯದಕ್ಕೆ 'ಹೌದು' ಎಂದು ಉತ್ತರ ಬಂದರೆ ಮಾತ್ರ ಬಾಟಲಿ. ಇಲ್ಲಿ ಎಲ್ಲರೂ ಎಡವುವುದು ಎರಡನೆಯದರಲ್ಲಿ. ಈ ಸಾಲು ಓದುತ್ತಿರುವ ಆರೋಗ್ಯವಂತರಿಗೂ ಅರ್ಧ ಲೀಟರ್ ಕೊಟ್ಟರೆ ಹೃದಯ ಹೆಚ್ಚು ರಕ್ತ ತಳ್ಳುತ್ತದೆ. ಹಾಗೆಂದು ಅವರಿಗೆ ಸಲೈನ್ ಬೇಕಿಲ್ಲ. ಇನ್ನೊಂದು ಕಡೆ, ಶಾಕ್‌ನಲ್ಲಿರುವ (ಅಂಗಾಂಗಗಳಿಗೆ ರಕ್ತ ಸಾಲದಾದ) ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಹೃದಯ ಮಾತ್ರ ದ್ರವಕ್ಕೆ ಸ್ಪಂದಿಸುತ್ತದೆ. ಉಳಿದವರಿಗೆ ಕೊಟ್ಟದ್ದು ಸೋರಿ ಶ್ವಾಸಕೋಶಕ್ಕೂ ಹೊಟ್ಟೆಗೂ ಹೋಗುತ್ತದೆ.

2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸಿತು. ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ಜ್ವರದಿಂದ ರಕ್ತಸಂಚಾರ ಕುಂದಿದ 3,141 ಮಕ್ಕಳು ಅದರಲ್ಲಿದ್ದರು. ಬೋಲಸ್, ಅಂದರೆ ಒಮ್ಮೆಲೇ ವೇಗವಾಗಿ ಹರಿಸುವ ದ್ರವ, ಕೊಟ್ಟ ಗುಂಪುಗಳಲ್ಲಿ 48 ಗಂಟೆಯೊಳಗೆ ಶೇಕಡ 10.5ರ ಆಸುಪಾಸಿನಲ್ಲಿ ಮಕ್ಕಳು ತೀರಿಕೊಂಡರು. ಬೋಲಸ್ ಕೊಡದ ಗುಂಪಿನಲ್ಲಿ ಶೇಕಡ 7.3. ವಾಂತಿಭೇದಿಯ ಮಕ್ಕಳನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು, ಅದನ್ನು ಮರೆಯಬಾರದು. ಭೇದಿಯಿಂದ ಬತ್ತಿದ ಮಗುವಿಗೆ ನೀರು ಬೇಕೇ ಬೇಕು. 2017ರಲ್ಲಿ ಜಾಂಬಿಯಾದಿಂದ ಬಂದ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಅಧ್ಯಯನದಲ್ಲಿ ವಯಸ್ಕರಲ್ಲೂ ಇದೇ ಕತೆ: ನಿಯಮದಂತೆ ಹೆಚ್ಚು ದ್ರವ ಕೊಟ್ಟ ಗುಂಪಿನಲ್ಲಿ ಶೇಕಡ 48.1, ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 33 ಸಾವು. ಅಮೆರಿಕದ ಸುಸಜ್ಜಿತ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಬಂದ ಕ್ಲೋವರ್ಸ್ ಅಧ್ಯಯನದಲ್ಲಿ ಹೆಚ್ಚು ಕೊಟ್ಟರೂ ಕಡಿಮೆ ಕೊಟ್ಟರೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗನ್ನಿಸುವುದು ಇಷ್ಟು: ಹೆಚ್ಚಾದ ನೀರನ್ನು ವೆಂಟಿಲೇಟರ್, ಡಯಾಲಿಸಿಸ್‌ನಿಂದ ಸರಿಪಡಿಸುವ ಅನುಕೂಲ ಪಕ್ಕದಲ್ಲೇ ಇದ್ದರೆ ತಪ್ಪಿಗೆ ಸ್ವಲ್ಪ ಜಾಗವಿದೆ. ಆ ಅನುಕೂಲ ಘಾಟಿಯ ಆಚೆಗಿದ್ದರೆ ಇಲ್ಲ.

ತೂಕದಿಂದ ಶುರು

ಸೆಪ್ಸಿಸ್‌ನಲ್ಲಿ ಮೊದಲ 3 ಗಂಟೆಯಲ್ಲಿ ಕಿಲೋಗೆ 30 ಮಿಲಿ ಎಂಬ ಸಲಹೆ ಎಲ್ಲರ ಬಾಯಲ್ಲಿದೆ. 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯಲ್ಲಿ ಅದು ದುರ್ಬಲ ಶಿಫಾರಸು ಮಾತ್ರ, ಕಟ್ಟಪ್ಪಣೆ ಅಲ್ಲ. ಅದಿರಲಿ, ಆ 'ಕಿಲೋ' ಎಲ್ಲಿಂದ ಬರುತ್ತದೆ? ಮಲಗಿ ಬಂದ ರೋಗಿಯ ತೂಕವನ್ನು ಕಣ್ಣಂದಾಜಿನಲ್ಲಿ '60' ಎಂದು ಬರೆಯುವುದು ರೂಢಿ. ಲೈನ್‌ಮನೆಯಿಂದ ಬಂದ, ವರ್ಷಗಟ್ಟಲೆ ತೋಟದಲ್ಲಿ ಹೊಟ್ಟೆಬಟ್ಟೆ ಕಟ್ಟಿ ದುಡಿದ ಹೆಂಗಸಿನ ತೂಕ 42 ಕಿಲೋ ಇದ್ದರೆ ಲೆಕ್ಕ 1,260 ಮಿಲಿ. 'ಎರಡು ಲೀಟರ್ ಹಾಕಿ' ಎಂದರೆ ಆಕೆಗೆ ಕಿಲೋಗೆ 48 ಮಿಲಿ ಹೋಯಿತು. ನಿಲ್ಲಿಸಲಾಗದವರನ್ನು ಸ್ಟ್ರೆಚರ್ ಸಮೇತ ತೂಗಿ ಸ್ಟ್ರೆಚರ್ ತೂಕ ಕಳೆಯಿರಿ. ಅದೂ ಆಗದಿದ್ದರೆ ಮನೆಯವರನ್ನು ಕೇಳಿ. ಪಡಿತರದ ಅಂಗಡಿಯ, ಕಾಫಿ ತೂಗುವ ತಕ್ಕಡಿಯ ಮೇಲೆ ನಿಂತ ನೆನಪು ಯಾರಿಗಾದರೂ ಇರುತ್ತದೆ. ಆ ಅಂಕಿ ನಾಳೆಗೂ ಬೇಕು: ಐಸಿಯುನಲ್ಲಿ ಒಂದೆರಡು ದಿನದೊಳಗೆ ಏರಿದ 1 ಕಿಲೋ ಎಂದರೆ 1 ಲೀಟರ್ ನೀರು, ಬೇರೇನೂ ಅಲ್ಲ.

ಬೋಲಸ್ ಕೊಡುವಾಗ 500 ಮಿಲಿಯನ್ನು 2 ಗಂಟೆ ಓಡಿಸಿ 'ಬೋಲಸ್ ಕೊಟ್ಟೆವು' ಎಂದು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಷ್ಟು ಹೊತ್ತಿಗೆ ಮೊದಲು ಹೋದದ್ದು ರಕ್ತನಾಳದಿಂದ ಹೊರಗೆ ಜಾರಿರುತ್ತದೆ. ಕಿಲೋಗೆ 4 ಮಿಲಿ, ಅಂದರೆ 50 ಕಿಲೋದವರಿಗೆ 200 ಮಿಲಿ, 5ರಿಂದ 10 ನಿಮಿಷದಲ್ಲಿ, ಪ್ರೆಶರ್ ಬ್ಯಾಗ್ ಹಾಕಿಯೋ ಕೈಯಲ್ಲಿ ಒತ್ತಿಯೋ ಕೊಡಿ. 18 ಗೇಜಿನ ಹಸಿರು ಕ್ಯಾನುಲಾ (ಡ್ರಿಪ್ ಹಾಕುವ ನಳಿಕೆ) ಮೊಣಕೈ ಹತ್ತಿರ ಇರಲಿ. ಕೈ ಹಿಂಭಾಗದ 22ರ ನೀಲಿಯಲ್ಲಿ ಆ ವೇಗ ಬಾರದು. ಮುಗಿದ ಕೂಡಲೇ ನೋಡಿ. ಏನನ್ನು ನೋಡಬೇಕೆಂದು ಶುರು ಮಾಡುವ ಮುಂಚೆಯೇ ಗೊತ್ತುಮಾಡಿಕೊಂಡಿರಿ.

ಬೆರಳ ತುದಿ ಹೇಳುವುದು, ಚಳಿ ಮರೆಸುವುದು

ಯಂತ್ರವಿಲ್ಲದೆ ಸಿಗುವ ಅತಿ ಒಳ್ಳೆಯ ಸೂಚನೆ ಕ್ಯಾಪಿಲರಿ ರೀಫಿಲ್, ಅಂದರೆ ಒತ್ತಿ ಬಿಟ್ಟ ಚರ್ಮಕ್ಕೆ ಬಣ್ಣ ಮರಳುವ ಹೊತ್ತು. 2019ರ ಆಂಡ್ರೊಮೆಡಾ-ಶಾಕ್ ಅಧ್ಯಯನ ಸೆಪ್ಟಿಕ್ ಶಾಕ್‌ನಲ್ಲಿ ಇದನ್ನು ರಕ್ತದ ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಕ್ಸಿಜನ್ ಸಾಲದಾಗ ಏರುವ ಅಂಶ) ಜೊತೆ ಹೋಲಿಸಿತು. ಬೆರಳು ನೋಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ 28 ದಿನದ ಸಾವು ಶೇಕಡ 34.9, ಲ್ಯಾಕ್ಟೇಟ್ ನೋಡಿದ ಗುಂಪಿನಲ್ಲಿ 43.4. ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಕೂದಲೆಳೆಯಲ್ಲಿ ದಾಟಲಿಲ್ಲ. ಆದರೂ ಬೆರಳು ಲ್ಯಾಬಿಗಿಂತ ಕಳಪೆಯಲ್ಲ ಎನ್ನಲು ಅಷ್ಟು ಸಾಕು.

ಅಲ್ಲಿ ಮಾಡಿದ ರೀತಿ ಮುಖ್ಯ. ಬಲಗೈ ತೋರುಬೆರಳ ತುದಿಯ ಒಳಮೈಗೆ ಗಾಜಿನ ಸ್ಲೈಡ್ ಇಟ್ಟು ಚರ್ಮ ಬಿಳುಪಾಗುವವರೆಗೆ ಒತ್ತಡ ಏರಿಸಿ, ಹಾಗೆಯೇ 10 ಸೆಕೆಂಡ್ ಹಿಡಿದು ಬಿಡುವುದು. ಮೊದಲಿನ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಸಹಜ. ಗಡಿಯಾರ ನೋಡಿ ಎಣಿಸಬೇಕು. ಒಮ್ಮೆ ಒತ್ತಿ 'ಸರಿ ಇದೆ' ಎನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಕಪ್ಪು ಮೈಬಣ್ಣದವರಲ್ಲಿ ಬೆರಳ ಒಳಮೈಯಲ್ಲೇ ನೋಡಿ, ಟಾರ್ಚ್ ಹಾಕಿ. ಮಳೆಗಾಲದ ಸಂಜೆ ಕರೆಂಟ್ ಹೋಗಿ ಒಂದೇ ದೀಪ ಉರಿಯುತ್ತಿರುವ ವಾರ್ಡಿನಲ್ಲಂತೂ ಟಾರ್ಚ್ ಇಲ್ಲದೆ ನೋಡಲೇಬೇಡಿ.

ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುವ, ನಮ್ಮ ಜಿಲ್ಲೆಗೆ ಮಾತ್ರ ದೊಡ್ಡದಾದ ಸಂಗತಿ ಚಳಿ. ಜುಲೈನಲ್ಲಿ ಮಡಿಕೇರಿಯಲ್ಲೋ ಭಾಗಮಂಡಲದಲ್ಲೋ ಆರೋಗ್ಯವಂತರ ಬೆರಳೂ ತಣ್ಣಗಿರುತ್ತದೆ, ರೀಫಿಲ್ 3 ಸೆಕೆಂಡ್ ದಾಟುವುದುಂಟು. ಒದ್ದೆ ಬಟ್ಟೆಯಲ್ಲೇ ಜೀಪಿನಲ್ಲಿ ಬಂದ ರೋಗಿಯ ಬೆರಳು ಒತ್ತಿ ಶಾಕ್ ಎಂದು ತೀರ್ಮಾನಿಸಿ ಲೀಟರ್‌ಗಟ್ಟಲೆ ಕೊಟ್ಟರೆ ಚಳಿಗೆ ಸಲೈನ್ ಕೊಟ್ಟ ಹಾಗಾಯಿತು. ಒದ್ದೆ ಬಟ್ಟೆ ತೆಗೆಸಿ, ಕೈಯನ್ನು ಕಂಬಳಿಯಲ್ಲಿ ಸುತ್ತಿ, 10–15 ನಿಮಿಷ ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ಉಳಿದ ಕೆಲಸ ಸಾಗಲಿ. ಎದೆಮೂಳೆಯ ಮೇಲೂ ಒತ್ತಿ ನೋಡಿ. ಎದೆಯಲ್ಲಿ ಚುರುಕು, ಬೆರಳಲ್ಲಿ ನಿಧಾನ ಎಂದಾದರೆ ಚಳಿಯ ಅನುಮಾನ ಹೆಚ್ಚು. ಎರಡೂ ಕಡೆ ನಿಧಾನ, ಮೊಣಕಾಲಿನ ಸುತ್ತ ಬಲೆಯಂತೆ ನೀಲಿಗಪ್ಪು ಕಲೆ, ಮಂಡಿಯವರೆಗೂ ತಣ್ಣನೆ ಕಾಲು ಎಂದಾದರೆ ಅದು ಶಾಕ್. ಮೊದಲ ಸಲ ನೋಡಿದ ಅದೇ ಬೆರಳನ್ನು, ಸಾಧ್ಯವಾದರೆ ಅದೇ ವ್ಯಕ್ತಿ, ಪ್ರತಿ ಅರ್ಧ ಗಂಟೆಗೆ ನೋಡಬೇಕು.

ಬಿ.ಪಿ.ಯಲ್ಲಿ ಮೇಲಿನ ಅಂಕಿಯಷ್ಟೇ ಗಮನ ಕೆಳಗಿನದಕ್ಕೂ ಬೇಕು. 84/38, ಕೈಕಾಲು ಬೆಚ್ಚಗೆ, ನಾಡಿ ಎಗರುತ್ತಿದೆ ಎಂದರೆ ರಕ್ತನಾಳಗಳು ಸಡಿಲಾಗಿವೆ. ಅಲ್ಲಿ ನಾರ್‌ಅಡ್ರಿನಾಲಿನ್ (ರಕ್ತನಾಳ ಬಿಗಿಸುವ ಔಷಧಿ) ತಡಮಾಡಬಾರದು. 84/68, ನಾಡಿ ದಾರದಂತೆ ಎಂದರೆ ಹೃದಯ ತಳ್ಳುತ್ತಿರುವುದೇ ಕಡಿಮೆ. ಕಾರಣ ಖಾಲಿ ರಕ್ತನಾಳವೋ ಸೋತ ಹೃದಯವೋ ಹುಡುಕಬೇಕು. ನಾರ್‌ಅಡ್ರಿನಾಲಿನ್‌ಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಬರುವವರೆಗೆ ಕಾಯಬೇಕಿಲ್ಲ. ಮೊಣಕೈ ಹತ್ತಿರದ ಒಳ್ಳೆಯ ಕ್ಯಾನುಲಾದಲ್ಲಿ ಶುರು ಮಾಡಿ, ಆ ಜಾಗವನ್ನು ಗಂಟೆಗೊಮ್ಮೆ ಮುಟ್ಟಿ ನೋಡಿದರೆ ಸಾಕು. 4 ಮಿಲಿಗ್ರಾಂ ಬೇಸ್ (ಔಷಧಿಯ ಅಸಲು ಭಾಗ) 50 ಮಿಲಿಯಲ್ಲಿ ಬೆರೆಸಿದರೆ ಮಿಲಿಗೆ 80 ಮೈಕ್ರೋಗ್ರಾಂ; 50 ಕಿಲೋದವರಿಗೆ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಎಂದರೆ ಗಂಟೆಗೆ ಸುಮಾರು 3.8 ಮಿಲಿ. ಆಂಪೂಲ್ ಮೇಲೆ ಬರೆದಿರುವುದು ಬೇಸೋ ಬೈಟಾರ್ಟ್ರೇಟ್ ಸಾಲ್ಟೋ ಓದಿ ನೋಡಿ. 2 ಮಿಲಿಗ್ರಾಂ ಸಾಲ್ಟ್‌ನಲ್ಲಿ ಇರುವುದು 1 ಮಿಲಿಗ್ರಾಂ ಬೇಸ್. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋದಾಗ ಡೋಸ್ ಇದ್ದಕ್ಕಿದ್ದಂತೆ ಅರ್ಧವಾಗುವುದು ಇಲ್ಲೇ.

ನಾಲಿಗೆ ಒಣಗಿದೆ, ಚರ್ಮ ಎಳೆದರೆ ಮಡಿಕೆ ನಿಲ್ಲುತ್ತದೆ ಎಂಬ ಹಳೆಯ ಲಕ್ಷಣಗಳಿಗೆ ಐಸಿಯುನಲ್ಲಿ ಹೆಚ್ಚು ಬೆಲೆ ಕೊಡಬೇಡಿ. ಬಾಯಲ್ಲಿ ಉಸಿರಾಡುವವರ, ಆಕ್ಸಿಜನ್ ಮಾಸ್ಕ್ ಹಾಕಿದವರ ನಾಲಿಗೆ ಹೇಗೂ ಒಣಗುತ್ತದೆ. ವಯಸ್ಸಾದವರ ಚರ್ಮ ಹೇಗೂ ಮಡಿಕೆ ನಿಲ್ಲುತ್ತದೆ. ಬಾವು ನೋಡುವುದಾದರೆ ಮಲಗಿದವರ ಪಾದ ಬಿಟ್ಟು ಸೊಂಟದ ಹಿಂಭಾಗ ಒತ್ತಿ ನೋಡಿ, ನೀರು ಇಳಿದು ನಿಲ್ಲುವುದು ಅಲ್ಲಿ. ಬಾವು ಇದೆ ಎಂದರೆ ಮೈಯಲ್ಲಿ ಒಟ್ಟು ನೀರು ಹೆಚ್ಚಿದೆ ಎಂದಷ್ಟೇ ಅರ್ಥ, ರಕ್ತನಾಳ ತುಂಬಿದೆ ಎಂದಲ್ಲ.

ಮೂತ್ರದ ಚೀಲ

ಗಂಟೆಗೆ ಕಿಲೋಗೆ 0.5 ಮಿಲಿ ಬರಬೇಕು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕಡಿಮೆ ಬಂದ ಕೂಡಲೇ ಬೋಲಸ್ ಕೊಡುವುದು ನಮ್ಮ ವಾರ್ಡುಗಳಲ್ಲಿ ಬಹಳ ಆಳಕ್ಕೆ ಇಳಿದ ಅಭ್ಯಾಸ. ಮೂತ್ರ ಕಡಿಮೆಯಾಗಲು ನೀರಿನ ಕೊರತೆ ಒಂದು ಕಾರಣ ಮಾತ್ರ. ಮೊದಲು ಕ್ಯಾಥೆಟರ್ ಮಡಚಿದೆಯೇ, ಹೆಪ್ಪುಗಟ್ಟಿದ ರಕ್ತ ಸಿಕ್ಕಿದೆಯೇ ನೋಡಿ. 20 ಮಿಲಿ ಸಲೈನ್ ಹಾಕಿ ಎಳೆದರೆ ಗೊತ್ತಾಗುತ್ತದೆ, ಅಲ್ಟ್ರಾಸೌಂಡ್ ಪ್ರೋಬ್ ಇದ್ದರೆ ಮೂತ್ರಕೋಶ ನೋಡುವುದು ಇನ್ನೂ ಸುಲಭ. ಆಮೇಲೆ ಬಣ್ಣ. ಕಡಜ ಕುಟುಕಿದವರ, ಕೊಳಕುಮಂಡಲ ಕಚ್ಚಿದವರ ಮೂತ್ರ ಕಟ್ಟಂಚಾಯದ ಬಣ್ಣಕ್ಕೆ ತಿರುಗಿದರೆ ಸ್ನಾಯುವೋ ರಕ್ತಕಣವೋ ಒಡೆದು ಕಿಡ್ನಿಗೆ ಹೊಡೆತ ಬೀಳುತ್ತಿದೆ. ಅಂಥವರಿಗೆ ಮೊದಲ ಗಂಟೆಗಳಲ್ಲಿ ನೀರು ಕೊಡುವುದು ಕಿಡ್ನಿ ಉಳಿಸಬಹುದು. ಕಿಡ್ನಿ ಒಮ್ಮೆ ನಿಂತ ಮೇಲೆ ಅದೇ ನೀರು ಅವರನ್ನು ಮುಳುಗಿಸುತ್ತದೆ. ಹಂಪ್-ನೋಸ್ಡ್ ಪಿಟ್ ವೈಪರ್ ಕಾಫಿ ತೋಟಗಳಲ್ಲಿ ಕಾಣುವ ಹಾವು. ನಮ್ಮ ದೇಶದ ಪಾಲಿವೇಲೆಂಟ್ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಅದರ ವಿಷಕ್ಕಾಗಿ ತಯಾರಾದದ್ದಲ್ಲ, ಕಿಡ್ನಿ ಕೆಡಿಸುವುದು ಅದಕ್ಕೂ ಬರುತ್ತದೆ. ಹೀಗಾಗಿ ಅಲ್ಲಿ ಇಡೀ ಚಿಕಿತ್ಸೆ ನಿಂತಿರುವುದೇ ನೀರಿನ ಲೆಕ್ಕ ಮತ್ತು ಸಕಾಲಕ್ಕೆ ಡಯಾಲಿಸಿಸ್ ಮೇಲೆ.

ಇಲಿ ಜ್ವರದಲ್ಲಿ ಇದು ತಿರುಗುಮುರುಗು. ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತಿದ್ದರೂ ಮೂತ್ರ ಧಾರಾಳ ಬರುವುದು, ಪೊಟ್ಯಾಸಿಯಂ ಇಳಿಯುವುದು ಆ ಕಾಯಿಲೆಯ ಗುಣ. 'ಮೂತ್ರ ಚೆನ್ನಾಗಿ ಬರುತ್ತಿದೆ' ಎಂದು ಸಮಾಧಾನ ಪಟ್ಟರೆ ರೋಗಿ ಒಳಗೊಳಗೇ ಬತ್ತುತ್ತಿರುತ್ತಾನೆ. ಮೂತ್ರ ಹೆಚ್ಚಿಸುವ ಫ್ರೂಸಮೈಡ್ ಕೊಟ್ಟ ಮೇಲಿನ ಮೂತ್ರವನ್ನೂ ರಕ್ತಸಂಚಾರದ ಗುರುತಾಗಿ ಓದಬಾರದು.

ಕಾಲೆತ್ತುವ ಪರೀಕ್ಷೆ

ಒಂದು ಹನಿಯೂ ಹೊರಗಿನಿಂದ ಕೊಡದೆ, ರೋಗಿಯ ಕಾಲು ಮತ್ತು ಹೊಟ್ಟೆಯಲ್ಲಿರುವ ಸುಮಾರು 300 ಮಿಲಿ ರಕ್ತವನ್ನೇ ಹೃದಯಕ್ಕೆ ಕಳಿಸಿ ನೋಡುವ ಉಪಾಯ ಪ್ಯಾಸಿವ್ ಲೆಗ್ ರೈಸ್. ತಪ್ಪಾದರೆ ಕಾಲು ಇಳಿಸಿದರಾಯಿತು, ಆ ರಕ್ತ ವಾಪಸ್. ಇಷ್ಟು ಒಳ್ಳೆಯ ಪರೀಕ್ಷೆಯನ್ನು ಬಹುಪಾಲು ಕಡೆ ತಪ್ಪಾಗಿ ಮಾಡುತ್ತಾರೆ ಎಂಬುದು ನನ್ನ ಕೊರಗು.

ಶುರುವಿನಲ್ಲಿ ರೋಗಿ ಚಪ್ಪಟೆ ಮಲಗಿರಬಾರದು. ತಲೆ ಕಡೆ 45 ಡಿಗ್ರಿ ಎತ್ತಿರಬೇಕು. ಹೊಟ್ಟೆಯ ರಕ್ತವೂ ಸೇರಿ ಬರುವುದು ಹಾಗಿದ್ದಾಗ ಮಾತ್ರ. ಕಫ ಮೊದಲೇ ತೆಗೆಯಿರಿ, ಎಚ್ಚರವಿದ್ದರೆ ಏನು ಮಾಡುತ್ತೇವೆಂದು ಹೇಳಿ. ಆಮೇಲೆ ಹಾಸಿಗೆಯನ್ನೇ ತಿರುಗಿಸಿ ತಲೆ ಚಪ್ಪಟೆಯಾಗಿ, ಕಾಲು 45 ಡಿಗ್ರಿ ಮೇಲೆ ಬರುವಂತೆ ಮಾಡಿ. ಕೈಯಲ್ಲಿ ಕಾಲು ಹಿಡಿದೆತ್ತಿದರೆ ನೋವು, ಗಾಬರಿಗೆ ಹೃದಯ ಬಡಿತವೇ ಏರಿ ಉತ್ತರ ಸುಳ್ಳಾಗುತ್ತದೆ. ಬದಲಾವಣೆ ಕಾಣುವುದು 30ರಿಂದ 90 ಸೆಕೆಂಡಿನೊಳಗೆ. 5 ನಿಮಿಷ ಬಿಟ್ಟು ಬಿ.ಪಿ. ನೋಡಿ 'ಏನೂ ಆಗಲಿಲ್ಲ' ಎಂದರೆ ಪರೀಕ್ಷೆ ಮಾಡದಂತೆಯೇ. ಬಿ.ಪಿ.ಗಿಂತ ಹೃದಯದಿಂದ ಹೊರಬೀಳುವ ರಕ್ತವನ್ನೇ ಅಳೆಯಬೇಕು. ಎಕೋ ಪ್ರೋಬನ್ನು ಎದೆಯ ತುದಿಯಲ್ಲಿಟ್ಟು, ಅಪಿಕಲ್ ಫೈವ್ ಚೇಂಬರ್ ನೋಟದಲ್ಲಿ ಎಡ ಹೃದಯದ ಹೊರದಾರಿಯಲ್ಲಿ ಪಲ್ಸ್ ಡಾಪ್ಲರ್ ಹಾಕಿದರೆ ವಿಟಿಐ (ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತದ ಸೂಚಕ) ಸಿಗುತ್ತದೆ; ಸಹಜ ಸ್ಥಿತಿಯಲ್ಲಿ 18ರಿಂದ 22 ಸೆಂಟಿಮೀಟರ್. 3ರಿಂದ 5 ಬಡಿತದ ಸರಾಸರಿ ತೆಗೆಯಿರಿ, ನಾಡಿ ಏರುಪೇರಾಗಿದ್ದರೆ ಇನ್ನೂ ಹೆಚ್ಚು. 14 ಇದ್ದದ್ದು 16.5 ಆದರೆ ಶೇಕಡ 18ರಷ್ಟು ಏರಿತು. ಶೇಕಡ 10ರ ಮೇಲೆ ಏರಿದರೆ ಹೃದಯ ದ್ರವಕ್ಕೆ ಸ್ಪಂದಿಸುತ್ತದೆ. ಪ್ರೋಬ್ ಜಾಗ ಒಂದಿಷ್ಟು ಸರಿದರೂ ಅಷ್ಟೇ ವ್ಯತ್ಯಾಸ ಬರುವುದರಿಂದ, ಕಾಲೆತ್ತುವಾಗ ಕೈ ಎತ್ತದೆ ಅಲ್ಲೇ ಹಿಡಿದಿರಬೇಕು. ಕೊನೆಗೆ ಮತ್ತೆ ಮೊದಲಿನ ಭಂಗಿಗೆ ತಂದು ಅಂಕಿ ವಾಪಸ್ ಬಂತೇ ನೋಡಿ. ಬರದಿದ್ದರೆ ನಡುವೆ ಬೇರೇನೋ ಬದಲಾಗಿದೆ.

ಎಕೋ ಇಲ್ಲ, ವೆಂಟಿಲೇಟರ್‌ಗೆ ಕ್ಯಾಪ್ನೋಗ್ರಾಫ್ ಇದೆ ಎನ್ನಿ. ಉಸಿರಾಟ ಪೂರ್ತಿ ಯಂತ್ರದ್ದೇ ಆಗಿ, ಸೆಟ್ಟಿಂಗ್ ಬದಲಾಗದೆ ಇದ್ದರೆ, ಕಾಲೆತ್ತಿದಾಗ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಶೇಕಡ 5ರಷ್ಟು ಏರುವುದು ಅದೇ ಅರ್ಥ ಕೊಡುತ್ತದೆ. ನಮ್ಮ ಹಲವು ಕಡೆಯ ಹ್ಯಾಂಡಲ್ ತಿರುಗಿಸುವ ಮಂಚಗಳಲ್ಲಿ ಕಾಲಿನ ಭಾಗ ಮೊಣಕಾಲಲ್ಲಿ ಮಡಚುತ್ತದೆ, ನೇರ ಏಳುವುದಿಲ್ಲ. ಅಂಥ ಮಂಚದಲ್ಲಿ ಹಟ ಹಿಡಿಯುವುದಕ್ಕಿಂತ 100 ಮಿಲಿಯನ್ನು 1 ನಿಮಿಷದಲ್ಲಿ ಕೊಟ್ಟು ವಿಟಿಐ 10 ಪ್ರತಿಶತ ಏರುವುದೇ ನೋಡುವುದು ಮೇಲು. ಹೊಟ್ಟೆ ಬಿಗಿದು ಒಳಗಿನ ಒತ್ತಡ ಏರಿದವರಲ್ಲಿ, ಕಾಲಿಗೆ ಬಿಗಿ ಸ್ಟಾಕಿಂಗ್ ಹಾಕಿದವರಲ್ಲಿ ಕಾಲೆತ್ತುವ ಪರೀಕ್ಷೆ ನಂಬುವಂತಿಲ್ಲ. ತಲೆಗೆ ಪೆಟ್ಟಾಗಿ ಮೆದುಳಿನ ಒತ್ತಡದ ಭಯವಿದ್ದರೆ ಮಾಡಲೇಬೇಡಿ.

ಪ್ರೋಬ್ ಹಿಡಿದು

ಐವಿಸಿಗೆ (ಕೆಳಮೈಯ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ನಾಳ) ಸಿಗುತ್ತಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು. ನಾಳ 2.1 ಸೆಂಟಿಮೀಟರಿಗಿಂತ ಕಿರಿದಾಗಿ, ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಹೃತ್ಕರ್ಣದ ಒತ್ತಡ ಕಡಿಮೆ; ದಪ್ಪಗಿದ್ದು ಕುಗ್ಗದಿದ್ದರೆ ಹೆಚ್ಚು. ಅದು ಹೇಳುವುದು ಅಷ್ಟನ್ನೇ, ಅದೂ ತಾನಾಗಿ ಉಸಿರಾಡುವವರಲ್ಲಿ. ಏದುಸಿರು ಬಿಡುವವರಲ್ಲಿ ತುಂಬಿದ ನಾಳವೂ ಕುಗ್ಗುತ್ತದೆ. ವೆಂಟಿಲೇಟರಿನಲ್ಲಿ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಹಾಕಿದಾಗ, ಟ್ರೈಕಸ್ಪಿಡ್ ಕವಾಟ ಸೋರುವಾಗ, ಹಳೆಯ ಶ್ವಾಸಕೋಶದ ಕಾಯಿಲೆಯಲ್ಲಿ ಖಾಲಿ ರೋಗಿಯಲ್ಲೂ ದಪ್ಪ ಕಾಣುತ್ತದೆ. ಇನ್ನು ಅಳೆಯುವ ತಪ್ಪುಗಳು: ಪಕ್ಕದ ಅಯೋರ್ಟಾವನ್ನೇ ಐವಿಸಿ ಎಂದುಕೊಳ್ಳುವುದು, ನಾಳದ ನಡುವೆ ಸೀಳದೆ ಅಂಚಿನಲ್ಲಿ ಸೀಳಿ ಸಣ್ಣದೆಂದು ಓದುವುದು. ಹೃದಯಕ್ಕೆ ಸೇರುವುದನ್ನೂ, ಯಕೃತ್ತಿನ ನಾಳ ಬಂದು ಕೂಡುವುದನ್ನೂ ನೋಡಿಯೇ ಅಳೆಯಿರಿ. ನನ್ನ ಮಟ್ಟಿಗೆ ಎರಡು ತುದಿಗಳಷ್ಟೇ ಉಪಯೋಗ: ಗೋಡೆ ಗೋಡೆ ಮುಟ್ಟುವಷ್ಟು ಬತ್ತಿದ್ದರೆ ಧೈರ್ಯವಾಗಿ ಕೊಡಿ, ಕೊಬ್ಬಿ ಅಲುಗಾಡದೆ ನಿಂತಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ನಡುವಿನವರಿಗೆ ಐವಿಸಿ ಉತ್ತರ ಹೇಳುವುದಿಲ್ಲ.

ಶ್ವಾಸಕೋಶಕ್ಕೆ ಪ್ರೋಬ್ ಇಡುವುದು ಇದಕ್ಕಿಂತ ಸುಲಭ, ಇದಕ್ಕಿಂತ ಬೆಲೆಯುಳ್ಳದ್ದು. ಎದೆಯ ಎರಡೂ ಬದಿ ನಾಲ್ಕು ನಾಲ್ಕು ಜಾಗ ನೋಡಿ. ಒಂದು ಪಕ್ಕೆಲುಬಿನ ಸಂದಿಯಲ್ಲಿ 3 ಅಥವಾ ಹೆಚ್ಚು ಬಿ-ಗೆರೆ (ಪರದೆಯಲ್ಲಿ ಮೇಲಿನಿಂದ ಕೆಳಗಿಳಿಯುವ ಬಿಳಿ ಗೆರೆ) ಕಂಡರೆ ಆ ಜಾಗ ಒದ್ದೆ. ಎರಡೂ ಬದಿ ಎರಡೆರಡು ಜಾಗ ಒದ್ದೆಯೆಂದರೆ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು: ಇನ್ನು ತಾಳದು. ಬೋಲಸ್‌ಗೆ ಮುಂಚೆ ಒಣಗಿದ್ದ ಜಾಗ ಬೋಲಸ್ ನಂತರ ಒದ್ದೆಯಾಗುವುದು ಎಕ್ಸ್‌ರೇಗಿಂತ ಎಷ್ಟೋ ಮುಂಚೆ ಕಾಣುತ್ತದೆ. ಇಲ್ಲೂ ಒಂದು ಎಚ್ಚರ. ಇಲಿ ಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತ ಸೋರಿದರೂ, ಸ್ಕ್ರಬ್ ಟೈಫಸ್‌ನಲ್ಲಿ ಶ್ವಾಸಕೋಶ ಉರಿಗೊಂಡರೂ ಇದೇ ಗೆರೆಗಳು. ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ಗೆರೆ ಒರಟು, ನಡುನಡುವೆ ಆರೋಗ್ಯದ ತುಂಡು ಉಳಿದಿದೆ ಎಂದರೆ ಉರಿಯೂತದ ಕಡೆ. ಎರಡೂ ಬದಿ ಸಮನಾಗಿ, ಗೆರೆ ನಯವಾಗಿದ್ದರೆ ನೀರಿನ ಕಡೆ. ಯಾವುದೇ ಆದರೂ ನೀರು ಸುರಿಯಲು ಅದು ಅನುಮತಿಯಲ್ಲ.

ಸಿವಿಪಿ (ಹೃದಯದ ಹತ್ತಿರದ ದೊಡ್ಡ ಅಭಿಧಮನಿಯ ಒತ್ತಡ) ಒಂದೇ ಅಂಕಿ ನೋಡಿ ದ್ರವ ಬೇಕೋ ಬೇಡವೋ ಹೇಳಲಾಗದು ಎಂಬುದು ತೀರ್ಮಾನವಾದ ಮಾತು. ನೀರಿನ ಮಾನೋಮೀಟರಿನಲ್ಲಿ ಓದಿದ 14 ಸೆಂಟಿಮೀಟರ್ ಎಂದರೆ ಪಾದರಸದಲ್ಲಿ ಸುಮಾರು 10 ಮಿಲಿಮೀಟರ್ ಎಂಬುದನ್ನು ನೆನಪಿಡಿ. ಒಂದರ ಅಂಕಿ ಇನ್ನೊಂದರ ಕಾಲಮ್ಮಿನಲ್ಲಿ ಕೂತಿರುವುದು ಅಪರೂಪವಲ್ಲ. ನಾಲ್ಕನೇ ಪಕ್ಕೆಲುಬಿನ ಸಂದಿ, ಕಂಕುಳ ನಡುಗೆರೆ, ಅಲ್ಲಿಗೆ ಸೊನ್ನೆ. ಪಲ್ಸ್ ಪ್ರೆಶರ್ ವೇರಿಯೇಶನ್ (ಉಸಿರಿನ ಜೊತೆ ಮೇಲಿನ, ಕೆಳಗಿನ ಬಿ.ಪಿ.ಗಳ ಅಂತರದ ಏರಿಳಿತ) ಶೇಕಡ 12–13ರ ಮೇಲಿದ್ದರೆ ಸ್ಪಂದನೆ ಇದೆ ಎನ್ನುವುದಕ್ಕೆ ಪೂರ್ತಿ ಯಂತ್ರದ ಉಸಿರು, ಕಿಲೋಗೆ 8 ಮಿಲಿಯ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ), ಸರಿಯಾದ ಲಯದ ನಾಡಿ ಮೂರೂ ಬೇಕು. ಇಂದಿನ ಐಸಿಯುನಲ್ಲಿ ಮೂರೂ ಒಟ್ಟಿಗೆ ಸಿಗುವವರು ಕೆಲವೇ ಮಂದಿ.

ಏಡಿ ತೂತಿನ ಬದು

ಗದ್ದೆ ನಾಟಿಯಾದ ಮೇಲೆ ಬದುವಿನಲ್ಲಿ ಏಡಿ ತೂತು ಮಾಡಿದರೆ ಎಷ್ಟು ನೀರು ತಿರುಗಿಸಿದರೂ ಮೇಲಿನ ಗದ್ದೆ ನಿಲ್ಲದು, ಕೆಳಗಿನ ಗದ್ದೆ ತುಂಬಿ ಹರಿಯುತ್ತದೆ. ಡೆಂಗಿಯ ಸೋರಿಕೆ ಹಂತ ಹಾಗೆ. ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, 24ರಿಂದ 48 ಗಂಟೆ ರಕ್ತನಾಳಗಳು ಸೋರುತ್ತವೆ. ಜ್ವರ ಬಿಟ್ಟಿತೆಂದು ಮನೆಯವರು ಖುಷಿಪಡುವ ಹೊತ್ತೇ ಹುಷಾರಾಗಿರಬೇಕಾದ ಹೊತ್ತು. ಇಲ್ಲಿ ಅತ್ಯಂತ ಉಪಯೋಗದ ಅಂಕಿ ಪಿಸಿವಿ (ರಕ್ತದಲ್ಲಿ ಕಣಗಳ ಶೇಕಡಾವಾರು ಪಾಲು), ಅದರಲ್ಲೂ ಅದರ ಏರಿಕೆ. ರಕ್ತಹೀನತೆಯಿರುವ ತೋಟದ ಕೆಲಸದ ಹೆಂಗಸಿನ ಎಂದಿನ ಪಿಸಿವಿ 28 ಇದ್ದರೆ 34 ಕಂಡಾಗಲೇ ಶೇಕಡ 20 ಏರಿತು. 'ನಾರ್ಮಲ್‌ಗಿಂತ ಕಡಿಮೆಯೇ ಇದೆ' ಎಂದು ಬಿಟ್ಟರೆ ಶಾಕ್ ತಪ್ಪಿಸಿಕೊಂಡು ಹೋಗುತ್ತದೆ. ಮೇಲಿನ, ಕೆಳಗಿನ ಬಿ.ಪಿ.ಗಳ ಅಂತರ 20ಕ್ಕೆ ಇಳಿದರೆ ಅದು ಶಾಕ್, ರೋಗಿ ಎದ್ದು ಕೂತು ಮಾತಾಡುತ್ತಿದ್ದರೂ.

ಬಿ.ಪಿ. ಇನ್ನೂ ನಿಂತಿರುವ ಡೆಂಗಿ ಶಾಕ್‌ಗೆ ಕಿಲೋಗೆ 5ರಿಂದ 10 ಮಿಲಿ, 1 ಗಂಟೆಯಲ್ಲಿ. ಬಿ.ಪಿ. ಬಿದ್ದಿದ್ದರೆ ಕಿಲೋಗೆ 20 ಮಿಲಿ, 15 ನಿಮಿಷದಲ್ಲಿ. ಸುಧಾರಿಸಿದ ಮೇಲೆ ಗಂಟೆಗೆ ಕಿಲೋಗೆ 5–7 ಮಿಲಿ, ಆಮೇಲೆ 3–5, ಆಮೇಲೆ 2–3 ಎಂದು ಇಳಿಸುತ್ತ ಬರಬೇಕು, ಪ್ರತಿ ಮೆಟ್ಟಿಲಿಗೂ ಪಿಸಿವಿ ನೋಡಿ. ದ್ರವ ಕೊಟ್ಟರೂ ರೋಗಿ ಹಾಗೇ ಇದ್ದು ಪಿಸಿವಿ ಏರುತ್ತಿದ್ದರೆ ಸೋರಿಕೆ ನಡೆದಿದೆ. ರೋಗಿ ಕುಸಿಯುತ್ತಿದ್ದು ಪಿಸಿವಿಯೂ ಇಳಿಯುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ. ಅಲ್ಲಿ ಬೇಕಾದದ್ದು ರಕ್ತ, ಸಲೈನ್ ಅಲ್ಲ. ಸೋರಿಕೆ ನಿಂತ ಮೇಲೆ ಹೊರಗಿದ್ದ ನೀರು ತಾನಾಗಿ ಒಳಗೆ ಮರಳುತ್ತದೆ: ನಾಡಿ ನಿಧಾನ, ಮೂತ್ರ ಧಾರಾಳ, ಹಸಿವು. ಆಗಲೂ ಡ್ರಿಪ್ ಓಡುತ್ತಿದ್ದರೆ ಶಾಕ್ ಗೆದ್ದ ರೋಗಿ ಉಸಿರುಕಟ್ಟಿ ಐಸಿಯು ಸೇರುತ್ತಾನೆ. ಡ್ರಿಪ್ ನಿಲ್ಲಿಸುವುದೇ ಆ ದಿನದ ಚಿಕಿತ್ಸೆ ಎಂದು ಮನೆಯವರನ್ನು ಕೂರಿಸಿ ಹೇಳಿ.

ಕೊಳಕುಮಂಡಲ ಕಚ್ಚಿದವರಲ್ಲೂ ಕೆಲವೊಮ್ಮೆ ಇಂಥದೇ ಸೋರಿಕೆ ಬರುತ್ತದೆ. ಎರಡೂ ಕೆನ್ನೆಯ ಲಾಲಾಗ್ರಂಥಿ ಊದಿ, ಕಣ್ಣಿನ ಬಿಳಿಭಾಗ ನೀರು ತುಂಬಿದಂತೆ ಉಬ್ಬಿ, ಬಿ.ಪಿ. ಬೀಳುತ್ತ, ಪಿಸಿವಿ ಏರುತ್ತಿದ್ದರೆ ಅನುಮಾನಿಸಿ. ಮುಖ ಊದಿದ್ದು ಕಂಡು ಆಂಟಿವೆನಮ್ ಅಲರ್ಜಿ ಎಂದಷ್ಟೇ ತಿಳಿದರೆ ಹೊತ್ತು ಮೀರುತ್ತದೆ.

ಚಾರ್ಟ್‌ನಲ್ಲಿ ಬರೆಯದ ಲೀಟರ್

'ಬೋಲಸ್ ಏನೂ ಕೊಟ್ಟಿಲ್ಲ, ಆದರೂ ಬಾತುಕೊಂಡಿದ್ದಾರೆ' ಎನ್ನುವಾಗ ಔಷಧಿ ಕರಗಿಸಿದ ನೀರನ್ನು ಲೆಕ್ಕ ಹಾಕಿ. ಪ್ಯಾರಾಸಿಟಮಾಲ್ 100 ಮಿಲಿ ಮೂರು ಸಲ, ಒಂದು ಆಂಟಿಬಯಾಟಿಕ್ 100 ಮಿಲಿಯಲ್ಲಿ ಮೂರು ಸಲ, ಇನ್ನೊಂದು ಎರಡು ಸಲ, ನಾರ್‌ಅಡ್ರಿನಾಲಿನ್ ದಿನಕ್ಕೆ 90 ಮಿಲಿ, ಲೈನ್ ತೊಳೆಯುವ ನೀರು. ಒಟ್ಟು ಸುಮಾರು ಒಂದು ಲೀಟರ್, ಅದರಲ್ಲಿ ಬಹುಪಾಲು ಸಲೈನ್. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪು. ಆ ಉಪ್ಪನ್ನು ಹೊರಹಾಕಲು ಕಾಯಿಲೆಯ ಕಿಡ್ನಿಗೆ ದಿನಗಳು ಬೇಕು. ಇದರ ಮೇಲೆ 'ಮೆಯಿಂಟೆನೆನ್ಸ್' ಎಂದು ಗಂಟೆಗೆ 100 ಮಿಲಿ ಓಡುತ್ತಿದ್ದರೆ ದಿನಕ್ಕೆ ಇನ್ನೂ 2.4 ಲೀಟರ್. ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು ಹೋಗುತ್ತಿದ್ದರೆ ಮೆಯಿಂಟೆನೆನ್ಸ್ ಡ್ರಿಪ್ ನಿಲ್ಲಿಸಿ. ಕರಗಿಸಲು ಸಿರಿಂಜ್ ಸಾಕಾಗುವ ಔಷಧಿಗೆ 100 ಮಿಲಿ ಬಾಟಲಿ ಬೇಡ.

ಒಟ್ಟು ಉಳಿದ ನೀರು ದಾಖಲಾದ ದಿನದ ತೂಕದ ಶೇಕಡ 10 ದಾಟಿದವರು, ಅಂದರೆ 50 ಕಿಲೋದವರಲ್ಲಿ 5 ಲೀಟರ್, ಚೇತರಿಸಿಕೊಳ್ಳುವುದು ಕಷ್ಟ. ಬೆವರು, ಉಸಿರಿನಲ್ಲಿ ಹೋಗುವುದು ಚಾರ್ಟಿಗೆ ಬರುವುದಿಲ್ಲ. ಜ್ವರವಿಲ್ಲದ 50 ಕಿಲೋದವರಲ್ಲಿ ಅದು ದಿನಕ್ಕೆ ಸುಮಾರು ಅರ್ಧ ಲೀಟರ್. ಹಾಗಾಗಿ ಚಾರ್ಟ್ ಮತ್ತು ತೂಕ ಜಗಳವಾಡಿದರೆ ತೂಕವನ್ನು ನಂಬಿ. ನಾರ್‌ಅಡ್ರಿನಾಲಿನ್ ಇಳಿಯುತ್ತಿದೆ, ಬೆರಳು ಬೆಚ್ಚಗಾಗಿದೆ ಎಂದಾದ ಮೇಲೆ ನೀರು ಹೊರತೆಗೆಯುವ ಕೆಲಸಕ್ಕೆ ಕಾಯಬೇಡಿ. ಫ್ರೂಸಮೈಡ್ ಕೊಟ್ಟು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಕಡಿಮೆಯಾಗುವಂತೆ ನೋಡಿ, ಪೊಟ್ಯಾಸಿಯಂ ಕಾಯ್ದುಕೊಳ್ಳಿ. ಬೆರಳು ಮತ್ತೆ ತಣ್ಣಗಾದರೆ, ನಾಡಿ ಏರಿದರೆ ಅಲ್ಲಿಗೆ ನಿಲ್ಲಿಸಿ.

ಘಾಟಿ ಇಳಿಯುವಾಗ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ಕಡೆ ಹೋದರೆ ಸಂಪಾಜೆ ಘಾಟಿ, ಸುಳ್ಯ, ಪುತ್ತೂರು. ಮಳೆಗಾಲದಲ್ಲಿ ಮರ ಬಿದ್ದರೆ, 2018ರ ಆಗಸ್ಟಿನಂತೆ ಗುಡ್ಡವೇ ಜಾರಿದರೆ, ದಾರಿ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಆ ಗಂಟೆಗಳಲ್ಲಿ ರೋಗಿಯ ನೀರಿನ ಸ್ಥಿತಿ ಬದಲಾಗುತ್ತಲೇ ಇರುತ್ತದೆ, ನೋಡುವವರು ಮಾತ್ರ ಇರುವುದಿಲ್ಲ. ಆಂಬುಲೆನ್ಸಿನ ಕೊಕ್ಕೆಗೆ 500 ಮಿಲಿ ಬಾಟಲಿ ತೂಗಿಬಿಟ್ಟರೆ ತಿರುವಿನಲ್ಲಿ ಕೈ ಮಡಚಿ ನಿಲ್ಲುತ್ತದೆ, ಇಲ್ಲವೇ ಕ್ಲ್ಯಾಂಪ್ ಸಡಿಲಾಗಿ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತದೆ. ಪಂಪ್ ಇಲ್ಲದಿದ್ದರೆ ಮಕ್ಕಳಿಗೆ ಬಳಸುವ 100 ಮಿಲಿ ಬ್ಯುರೆಟ್ ಸೆಟ್ ಹಾಕಿ. ತುಂಬಿದಷ್ಟೇ ಹೋಗುತ್ತದೆ, ಅದಕ್ಕಿಂತ ಹೆಚ್ಚು ಹೋಗಲಾರದು. ಮಿಲಿಗೆ 20 ಹನಿಯ ಮಾಮೂಲಿ ಸೆಟ್‌ನಲ್ಲಿ ಗಂಟೆಗೆ 100 ಮಿಲಿ ಎಂದರೆ ನಿಮಿಷಕ್ಕೆ 33 ಹನಿ. ಅದನ್ನು ಜೊತೆಗೆ ಹೋಗುವ ಸಿಸ್ಟರಿಗೆ ಹೇಳಿ, ಬರೆದೂ ಕೊಡಿ. ನಾರ್‌ಅಡ್ರಿನಾಲಿನ್ ಬೇಕಿದ್ದವರನ್ನು ಅದು ಶುರುವಾಗಿ ಬಿ.ಪಿ. ನಿಂತ ಮೇಲೆ, ಇನ್ನೊಂದು ತುಂಬಿದ ಸಿರಿಂಜ್ ಕೈಯಲ್ಲಿಟ್ಟು ಕಳಿಸಿ. ಪಂಪಿನ ಬ್ಯಾಟರಿ ಹೊರಡುವ ಮುಂಚೆಯೇ ನೋಡಿ.

ರೆಫರಲ್ ಚೀಟಿಯಲ್ಲಿ 'ಐವಿ ಫ್ಲೂಯಿಡ್ಸ್ ಗಿವನ್' ಎಂಬ ಒಂದು ಸಾಲಿನಿಂದ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ತೂಗಿದ ತೂಕವೋ ಅಂದಾಜೋ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯೊಳಗೆ ಎಷ್ಟು ಮಿಲಿ, ಯಾವ ದ್ರವ. ಮೊದಲ ಬೋಲಸ್‌ಗೆ ಮುಂಚೆ ಮತ್ತು ನಂತರ ರೀಫಿಲ್ ಎಷ್ಟು ಸೆಕೆಂಡ್. ಹೊರಡುವಾಗ ಶ್ವಾಸಕೋಶ ಒದ್ದೆಯೋ ಒಣವೋ. ಕೊನೆಯ ಎರಡು ಪಿಸಿವಿ, ಸಮಯದ ಸಮೇತ. ನಾರ್‌ಅಡ್ರಿನಾಲಿನ್ ಬೆರೆಸಿದ ಪ್ರಮಾಣ, ಬೇಸೋ ಸಾಲ್ಟೋ. ಹೊರಡುವ ಮುಂಚೆ ಖಾಲಿ ಮಾಡಿದ ಮೂತ್ರದ ಚೀಲದ ಅಳತೆ. ಚೀಲ ಖಾಲಿ ಮಾಡಿದ ಸಮಯ ಬರೆದಿದ್ದರೆ, ಅಲ್ಲಿ ಇಳಿದಾಗ ಚೀಲದಲ್ಲಿರುವುದನ್ನು ನೋಡಿಯೇ ದಾರಿಯ ಮೂರು ಗಂಟೆಯಲ್ಲಿ ಕಿಡ್ನಿ ಏನು ಮಾಡಿತೆಂದು ತಿಳಿಯುತ್ತದೆ. ಬಾಟಲಿಯ ಮೇಲೂ ಒಂದು ಪ್ಲಾಸ್ಟರ್ ತುಂಡು ಅಂಟಿಸಿ, ಹೊರಟಾಗ ನೀರಿನ ಮಟ್ಟ ಎಲ್ಲಿತ್ತೆಂದು ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯಿರಿ.